ವಿದ್ಯುತ್ ಉಪಕರಣ: ಮುದ್ರೆ ನೋಡಿ ಕೊಳ್ಳಿರಿ, ಜೀವ ಕಾಯ್ದುಕೊಳ್ಳಿರಿ

ಶರಣರು ಕಾಯವನ್ನು ಹೀನವೆಂದು ಎಣಿಸಲಿಲ್ಲ. ಕಾಯಕಕ್ಕೂ ಲಿಂಗಪೂಜೆಗೂ ದಾಸೋಹಕ್ಕೂ ಅದೇ ಸಾಧನವಾದುದರಿಂದ ಅದನ್ನು ಕಾಪಾಡಿಕೊಳ್ಳುವುದು ಸದ್ಭಕ್ತರ ಕರ್ತವ್ಯ. ಆರೋಗ್ಯವೆಂದೊಡನೆ ಆಹಾರ, ಔಷಧ, ಪಥ್ಯಗಳು ನೆನಪಾಗುತ್ತವೆ. ಮನೆಯ ಗೋಡೆಯೊಳಗೆ ಹರಿಯುವ ವಿದ್ಯುತ್ತು ನೆನಪಾಗುವುದಿಲ್ಲ. ಅದು ಮೈಗೆ ತಗುಲಿದರೆ ವೈದ್ಯರನ್ನು ಕರೆಯುವಷ್ಟು ಸಮಯವನ್ನೂ ಕೊಡದಿರಬಹುದು.

ಕರಾವಳಿಗೆ ಹೆಚ್ಚಿನ ಎಚ್ಚರವೇಕೆ?

ಭಟ್ಕಳ ತಾಲ್ಲೂಕಿನ ಬೆಳಕೆಯಿಂದ ಹೊನ್ನಾವರ, ಕುಮಟಾವರೆಗಿನ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಅಧಿಕ ಮಳೆ ಸುರಿಯುತ್ತದೆ. ಮಳೆಗಾಲದುದ್ದಕ್ಕೂ ಗೋಡೆ, ನೆಲ, ಬಚ್ಚಲು, ತೋಟದ ಪಂಪಿನ ಮನೆ ಎಲ್ಲವೂ ತೇವ. ಕಡಲ ಉಪ್ಪುಗಾಳಿಗೆ ಸ್ವಿಚ್ಚು, ಪ್ಲಗ್ಗುಗಳ ಲೋಹ ಬೇಗ ಕಿಲುಬು ಹಿಡಿಯುತ್ತದೆ.

ಒಣ ಚರ್ಮವು ವಿದ್ಯುತ್ತನ್ನು ಬಹುಮಟ್ಟಿಗೆ ತಡೆಯುತ್ತದೆ. ಮೈ ತೊಯ್ದಾಗ ದೇಹದ ತಡೆ ಸುಮಾರು 1,000 ಓಮ್‌ಗೆ ಇಳಿಯಬಹುದು. ಆಗ ಮನೆಯ 230 ವೋಲ್ಟ್ ತಗುಲಿದರೆ 230 ಮಿಲಿಆಂಪಿಯರ್ ಹರಿಯುತ್ತದೆ. ಸುಮಾರು 10 ಮಿಲಿಆಂಪಿಯರ್‌ಗೇ ಸ್ನಾಯುಗಳು ಬಿಗಿದು, ಹಿಡಿದ ಕೈ ಬಿಡಲಾಗದು. 30 ಮೀರಿದರೆ ಉಸಿರಾಟಕ್ಕೆ ತೊಡಕು. 50ರಿಂದ 100ರ ಆಸುಪಾಸಿನಲ್ಲಿ ಹೃದಯದ ಲಯವೇ ತಪ್ಪಬಹುದು. ಬಚ್ಚಲುಮನೆಯ ಅಪಘಾತಗಳು ಮಾರಕವಾಗುವುದು ಈ ಕಾರಣದಿಂದ.

ಮುದ್ರೆಯ ಅರ್ಥ

ತಂತಿ, ಇಸ್ತ್ರಿಪೆಟ್ಟಿಗೆ, ಗೀಸರ್, ನೀರು ಕಾಯಿಸುವ ಹೀಟರ್ ರಾಡ್ ಮೊದಲಾದವುಗಳಿಗೆ ಭಾರತೀಯ ಮಾನಕ ಬ್ಯೂರೋದ ಐಎಸ್ಐ ಮುದ್ರೆ ಕಡ್ಡಾಯ. ಮುದ್ರೆಯ ಮೇಲ್ಭಾಗದಲ್ಲಿ ಮಾನಕದ ಸಂಖ್ಯೆ ಇರುತ್ತದೆ: ಮನೆಬಳಕೆಯ ಪಿವಿಸಿ ತಂತಿಗೆ ಐಎಸ್ 694, ಹೀಟರ್ ರಾಡಿಗೆ ಐಎಸ್ 368. ಕೆಳಗೆ 'ಸಿಎಂ/ಎಲ್' ಎಂದು ಆರಂಭವಾಗುವ ಪರವಾನಗಿ ಸಂಖ್ಯೆ ಇರಬೇಕು. ಸಂಖ್ಯೆಯಿಲ್ಲದ ಬರಿಯ ಚಿಹ್ನೆಯನ್ನು ನಂಬಲಾಗದು.

ಎಲೆಕ್ಟ್ರಾನಿಕ್ ವಸ್ತುಗಳ ಕಡ್ಡಾಯ ನೋಂದಣಿ ಆದೇಶ ಹೊರಟದ್ದು 2012ರಲ್ಲಿ. ಇಂದು ಮೊಬೈಲ್, ಚಾರ್ಜರ್, ಪವರ್ ಬ್ಯಾಂಕ್‌ಗಳೂ ಇದರ ವ್ಯಾಪ್ತಿಯಲ್ಲಿವೆ. ಇವುಗಳ ಮೇಲೆ 'ಆರ್' ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇರುತ್ತದೆ. ಎರಡೂ ಬಗೆಯ ಸಂಖ್ಯೆಗಳನ್ನು 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಯಾರಾದರೂ ಪರಿಶೀಲಿಸಬಹುದು. ಕಳಪೆ ಚಾರ್ಜರ್‌ನಲ್ಲಿ 230 ವೋಲ್ಟಿನ ಭಾಗಕ್ಕೂ ಮೊಬೈಲಿಗೆ ಹೋಗುವ 5 ವೋಲ್ಟಿನ ಭಾಗಕ್ಕೂ ನಡುವಿನ ನಿರೋಧಕ ದುರ್ಬಲವಾಗಿರುತ್ತದೆ. ಅದು ಕುಸಿದರೆ ಕೈಯಲ್ಲಿರುವ ಮೊಬೈಲೇ ಆಘಾತ ನೀಡಬಲ್ಲದು.

ಹೊರದೇಶದ ಸಾಮಾನು

ಭಟ್ಕಳದ ಪೇಟೆಗೂ ನಮ್ಮ ಅನೇಕ ಮನೆಗಳಿಗೂ ಗಲ್ಫ್ ದೇಶಗಳಿಂದ ಉಪಕರಣಗಳು ಬರುತ್ತವೆ. ದುಬೈಯ ಪ್ಲಗ್ಗಿಗೆ ಚಪ್ಪಟೆಯಾದ ಮೂರು ಕಡ್ಡಿಗಳು. ನಮ್ಮ ಸಾಕೆಟ್ಟಿನ ತೂತುಗಳು ದುಂಡು. ಇವನ್ನು ಹೊಂದಿಸಲು ಎರಡೇ ಕಡ್ಡಿಯ ಅಗ್ಗದ ಅಡಾಪ್ಟರ್ ಹಾಕಿದರೆ ಭೂಸಂಪರ್ಕ ಕಡಿದುಹೋಗುತ್ತದೆ. ಇಸ್ತ್ರಿಪೆಟ್ಟಿಗೆಯಂಥ ಲೋಹದ ಮೈಯ ಉಪಕರಣಕ್ಕೆ ಇದು ಅಪಾಯ. ನುರಿತ ಎಲೆಕ್ಟ್ರಿಷಿಯನ್‌ರಿಂದ ಐಎಸ್ಐ ಮುದ್ರೆಯ ಮೂರು ಕಡ್ಡಿಯ ಪ್ಲಗ್ ಹಾಕಿಸಿಕೊಳ್ಳುವುದು ಲೇಸು. 'ಸಿಇ' ಚಿಹ್ನೆಯಿದ್ದರೆ ಸಾಕೆಂಬ ಭಾವನೆಯೂ ಸರಿಯಲ್ಲ. ಅದು ಯುರೋಪಿನ ನಿಯಮಗಳಿಗೆ ಸಂಬಂಧಿಸಿದ್ದು. ಬಹುಪಾಲು ಮನೆಬಳಕೆಯ ವಿದ್ಯುತ್ ವಸ್ತುಗಳಿಗೆ ತಯಾರಕರೇ ಮಾಡಿಕೊಳ್ಳುವ ಘೋಷಣೆ.

ಮೊಬೈಲಿನ ವಿಕಿರಣಕ್ಕೂ ಮಿತಿಯುಂಟು. 2012ರ ಸೆಪ್ಟೆಂಬರ್ 1ರಿಂದ ನಮ್ಮ ದೇಶದಲ್ಲಿ ದೇಹ ಹೀರುವ ಪ್ರಮಾಣವು ಒಂದು ಗ್ರಾಂ ಅಂಗಾಂಶದ ಸರಾಸರಿಯಲ್ಲಿ ಕಿಲೋಗ್ರಾಂಗೆ 1.6 ವ್ಯಾಟ್ ಮೀರಬಾರದು. ಅನೇಕ ಮೊಬೈಲ್‌ಗಳಲ್ಲಿ *#07# ಒತ್ತಿದರೆ ಈ ಅಂಕಿ ಕಾಣುತ್ತದೆ.

ಮನೆಯಲ್ಲಿ ಪಾಲಿಸಬೇಕಾದವು

1. ಮುಖ್ಯ ಫಲಕದಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಅಳವಡಿಸಿರಿ. ಸೋರಿಕೆಯಾದೊಡನೆ ಅದು ವಿದ್ಯುತ್ತನ್ನು ಕಡಿಯುತ್ತದೆ. ಎಂಸಿಬಿ ಈ ಕೆಲಸ ಮಾಡದು. ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿರಿ.

2. ನಮ್ಮ ಚಿರೆಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗುತ್ತದೆ. ಅರ್ಥಿಂಗ್ ಗುಂಡಿಗೆ ನೀರುಣಿಸಿ, ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿರಿ.

3. ಹೀಟರ್ ರಾಡ್ ಬಳಸುವಾಗ ಸ್ವಿಚ್ಚು ಆರಿಸಿ, ಪ್ಲಗ್ ಕಿತ್ತ ಬಳಿಕವೇ ನೀರು ಮುಟ್ಟಿರಿ.

4. ಬಟ್ಟೆ ಒಣಗಿಸುವ ತಂತಿಯನ್ನು ವಿದ್ಯುತ್ ಕಂಬಕ್ಕಾಗಲಿ ಸರ್ವಿಸ್ ಪೈಪಿಗಾಗಲಿ ಕಟ್ಟದಿರಿ.

5. ತೋಟದಲ್ಲಿ ತಂತಿ ಹರಿದುಬಿದ್ದರೆ ಸಮೀಪ ಹೋಗದೆ 1912ಕ್ಕೆ ಕರೆಮಾಡಿ ಹೆಸ್ಕಾಂಗೆ ತಿಳಿಸಿರಿ.

ಆಘಾತವಾದಾಗ

ಮೊದಲು ಮುಖ್ಯ ಸ್ವಿಚ್ಚು ಆರಿಸಿರಿ. ಅದಕ್ಕೂ ಮುನ್ನ ವ್ಯಕ್ತಿಯನ್ನು ಮುಟ್ಟಿದರೆ ಒಂದರ ಬದಲು ಎರಡು ಜೀವ ಹೋದೀತು. ಆರಿಸಲಾಗದಿದ್ದರೆ ಒಣಗಿದ ಸ್ಥಳದಲ್ಲಿ ನಿಂತು ಒಣ ಮರದ ಕೋಲಿನಿಂದ ತಂತಿಯನ್ನು ಸರಿಸಬಹುದು. ಆದರೆ ಹೊರಗಿನ ವಿದ್ಯುತ್ ಲೈನಿಗೆ ಈ ಉಪಾಯ ಸಲ್ಲದು. ಬಳಿಕ 108ಕ್ಕೆ ಕರೆಮಾಡಿರಿ. ಉಸಿರಾಟ ನಿಂತಿದ್ದರೆ ಎದೆಯ ನಡುವೆ ಎರಡೂ ಕೈಯಿಟ್ಟು, ನಿಮಿಷಕ್ಕೆ 100ರಿಂದ 120 ಬಾರಿ, ಸುಮಾರು 5 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಿ. ಆಘಾತಗೊಂಡವರು ಎದ್ದು ಕುಳಿತರೂ ಆಸ್ಪತ್ರೆಗೆ ಒಯ್ಯಲೇಬೇಕು. ಒಳಗಿನ ಸುಟ್ಟ ಗಾಯ, ಹೃದಯದ ಏರುಪೇರು ಹೊರಗೆ ಕಾಣುವುದಿಲ್ಲ.

ಹತ್ತಿಪ್ಪತ್ತು ರೂಪಾಯಿಯ ಉಳಿತಾಯಕ್ಕಾಗಿ ಮುದ್ರೆಯಿಲ್ಲದ ವಸ್ತುವನ್ನು ಕೊಳ್ಳುವುದು ಮಿತವ್ಯಯವಲ್ಲ. ಈ ವಾರವೇ ಮನೆಯ ಚಾರ್ಜರ್, ಪ್ಲಗ್, ತಂತಿಗಳನ್ನು ಒಮ್ಮೆ ನೋಡಿಕೊಳ್ಳಿರಿ. ಜಾತ್ರೆ, ಉತ್ಸವಗಳಲ್ಲಿ ದೀಪಾಲಂಕಾರದ ಸೇವೆ ಸಲ್ಲಿಸುವವರೂ ಇದೇ ನಿಯಮವನ್ನು ಪಾಲಿಸಲಿ. ನೆರೆದ ಭಕ್ತರ ಜೀವವನ್ನು ಕಾಯುವುದೂ ದಾಸೋಹವೇ.