ಒಲೆ–ಓಲೆ: ಭಾಷಾಬೋಧನೆ, ಗಣಕ ಮತ್ತು ದತ್ತಾಂಶ

ಪಾಠದ ಉದ್ದೇಶಗಳು
1. ಭಾಷಾಬೋಧನೆ, ಗಣಕವಿಜ್ಞಾನ, ದತ್ತಾಂಶ ವಿಶ್ಲೇಷಣೆ ಇವುಗಳ ಪರಸ್ಪರ ಸಂಬಂಧವನ್ನು ಅರಿಯುವುದು.
2. ಮಕ್ಕಳ ಬರವಣಿಗೆಯ ತಪ್ಪುಗಳನ್ನು ಎಣಿಸಿ, ಅವುಗಳ ಕಾರಣವನ್ನು ಕಂಡುಕೊಳ್ಳುವುದು.

ಪೀಠಿಕೆ
ಜತ್ತ ತಾಲೂಕಿನ ಕುಣಿಕೋಣೂರಿನಂಥ ಗಡಿಗ್ರಾಮಗಳ ಕನ್ನಡ ಶಾಲೆಗಳಲ್ಲಿ ಪಾಲಕರು ಶಿಕ್ಷಕರನ್ನು ಕೇಳುವ ಪ್ರಶ್ನೆಯೊಂದಿದೆ: “ಗುರುಗಳೇ, ಕನ್ನಡ ಕಲಿತು ನಮ್ಮ ಮಗ ಮುಂದೇನು ಮಾಡಬೇಕು?” ಮನೆಯ ಮಾತು ಕನ್ನಡ, ಕಚೇರಿಯ ಮಾತು ಮರಾಠಿ, ಮೇಲಿನ ಓದಿಗೆ ಇಂಗ್ಲಿಷ್ ಎಂಬ ಸ್ಥಿತಿಯಲ್ಲಿ ಈ ಪ್ರಶ್ನೆ ಸಹಜವಾದುದು. ಅಭಿಮಾನದ ಮಾತಿನಿಂದ ಇದಕ್ಕೆ ಉತ್ತರ ದೊರೆಯದು. ಭಾಷೆಯನ್ನು ಬಲ್ಲವರು ಇತರ ವಿದ್ಯೆಗಳೊಡನೆ ಅದನ್ನು ಹೇಗೆ ಕೂಡಿಸಿದರೆಂಬುದನ್ನು ತೋರಿಸಬೇಕು.

ಪಂಡಿತರ ಹೆಸರಿನ ತಂತ್ರಾಂಶ
ದಕ್ಷಿಣ ಕನ್ನಡದ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರು ಮುದ್ರಣ, ಅಕ್ಷರವಿನ್ಯಾಸ, ಗಣಕ ಈ ಮೂರನ್ನೂ ಬಲ್ಲವರು. ಅವರು ರೂಪಿಸಿದ ಕನ್ನಡ ತಂತ್ರಾಂಶಕ್ಕೆ ‘ಸೇಡಿಯಾಪು’ ಎಂದು ಹೆಸರಿಟ್ಟರು. ಸೇಡಿಯಾಪು ಕೃಷ್ಣಭಟ್ಟರು ಮಂಗಳೂರಿನಲ್ಲಿ ಕನ್ನಡ ಪಂಡಿತರಾಗಿದ್ದವರು. ವ್ಯಾಕರಣ, ಛಂದಸ್ಸುಗಳಲ್ಲಿ ಆಳವಾದ ವಿಚಾರ ಮಾಡಿದವರು. ಗಣಕದ ಕೃತಿಯೊಂದು ಭಾಷಾ ಶಿಕ್ಷಕರ ಹೆಸರನ್ನು ಹೊತ್ತುದು ಅರ್ಥಪೂರ್ಣವಾಗಿದೆ. ಏಕೆಂದರೆ ರಾವ್ ಅವರ ಕೀಲಿಮಣೆಯ ತರ್ಕವು ನಾವು ಕಪ್ಪುಹಲಗೆಯ ಮೇಲೆ ಕಲಿಸುವ ಕಾಗುಣಿತದ ತರ್ಕವೇ ಆಗಿದೆ: ಮೊದಲು ವ್ಯಂಜನ, ಅನಂತರ ಸ್ವರ. ಮುಂದೆ ಕರ್ನಾಟಕ ಸರ್ಕಾರವು ಈ ವಿನ್ಯಾಸವನ್ನೇ ಅಧಿಕೃತವಾಗಿ ಅಂಗೀಕರಿಸಿತು.

ಯೂನಿಕೋಡ್ ಕ್ರಮದಲ್ಲಿಯೂ ಇದೇ ನಿಯಮ ಕಾಣುತ್ತದೆ. ಕಣ್ಣಿಗೆ ಒಂದೇ ಅಕ್ಷರವಾಗಿ ತೋರುವ ‘ಕ್ಷಿ’ ಗಣಕಕ್ಕೆ ನಾಲ್ಕು ಸಂಕೇತಗಳು: ಕ, ಹಲಂತದ ಚಿಹ್ನೆ, ಷ, ಗುಡಿಸು. ಒತ್ತಕ್ಷರವನ್ನು ಬಿಡಿಸಿ ಬರೆಯಬಲ್ಲ ವಿದ್ಯಾರ್ಥಿಯು ಇದನ್ನು ಸುಲಭವಾಗಿ ಗ್ರಹಿಸುವನು.

ಮಹಾರಾಷ್ಟ್ರದಲ್ಲಿಯೇ ಮತ್ತೊಂದು ನಿದರ್ಶನವಿದೆ. ಮುಂಬಯಿಯ ಭಾಭಾ ಅಣುಶಕ್ತಿ ಸಂಶೋಧನ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಡಾ. ಯು. ಬಿ. ಪವನಜ ಅವರು 1996ರಲ್ಲಿ ‘ವಿಶ್ವ ಕನ್ನಡ’ ಎಂಬ ಅಂತರಜಾಲ ಪತ್ರಿಕೆಯನ್ನು ಆರಂಭಿಸಿದರು. ಮಕ್ಕಳು ಕನ್ನಡದ ಆದೇಶಗಳಿಂದಲೇ ಗಣಕಕ್ಕೆ ಕೆಲಸ ಹೇಳಲು ಕಲಿಯುವ ‘ಕನ್ನಡ ಲೋಗೊ’ವನ್ನೂ ಅವರು ಸಿದ್ಧಪಡಿಸಿದರು.

ತರಗತಿಯಲ್ಲಿ ದತ್ತಾಂಶ
ದತ್ತಾಂಶ ವಿಶ್ಲೇಷಣೆಗೆ ಗಣಕವೇ ಬೇಕೆಂದಿಲ್ಲ. ಉಕ್ತಲೇಖನದ ವಹಿಗಳು ಸಾಕು. ಗಡಿಭಾಗದ ಮಕ್ಕಳು ಒಲೆ–ಓಲೆ, ಬೆಳೆ–ಬೇಳೆ, ಕೊಡು–ಕೋಡು ಇವುಗಳನ್ನು ಬರೆಯುವಾಗ ಎಡವಿದರೆ, ಅದನ್ನು ದಡ್ಡತನವೆನ್ನುವ ಮುನ್ನ ಕಾರಣವನ್ನು ಹುಡುಕಬೇಕು. ಮರಾಠಿಯ ಲಿಪಿಯಲ್ಲಿ ‘ಎ’ ಮತ್ತು ‘ಏ’ಗಳಿಗೆ ಒಂದೇ ಚಿಹ್ನೆ, ‘ಒ’ ಮತ್ತು ‘ಓ’ಗಳಿಗೂ ಒಂದೇ. ಎರಡು ಲಿಪಿಗಳನ್ನು ಒಟ್ಟಿಗೆ ಕಲಿಯುವ ಮಗುವು ಒಂದರ ನಿಯಮವನ್ನು ಇನ್ನೊಂದಕ್ಕೆ ಅನ್ವಯಿಸಿರಬಹುದು. ಅದು ಕಾರಣವಾಗಿದ್ದರೆ ಆ ತಪ್ಪಿನಲ್ಲಿಯೂ ಒಂದು ತರ್ಕವಿದೆ.

ಹೀಗೆ ಊಹಿಸಿಕೊಳ್ಳೋಣ: 25 ಮಕ್ಕಳಿಗೆ 20 ಪದಗಳ ಉಕ್ತಲೇಖನ ಕೊಟ್ಟಿದ್ದೇವೆ. ಪ್ರತಿಯೊಂದು ಪದವೂ ಒಂದೇ ಅಂಶವನ್ನು ಪರೀಕ್ಷಿಸುತ್ತದೆ. ಒಟ್ಟು 90 ತಪ್ಪುಗಳು ದೊರೆತಿವೆ.

• ಎ–ಏ, ಒ–ಓ ಭೇದ: 12 ಪದ, 300 ಬರವಣಿಗೆ, 45 ತಪ್ಪು
• ಮಹಾಪ್ರಾಣ: 4 ಪದ, 100 ಬರವಣಿಗೆ, 18 ತಪ್ಪು
• ಒತ್ತಕ್ಷರ: 4 ಪದ, 100 ಬರವಣಿಗೆ, 27 ತಪ್ಪು

ತಪ್ಪುಗಳಲ್ಲಿ ಅರ್ಧದಷ್ಟು ಮೊದಲನೆಯ ವರ್ಗದವು. ಆದುದರಿಂದ ಅದೇ ಅತಿ ಕಠಿಣವೆಂದು ತೀರ್ಮಾನಿಸಿದರೆ ನಾವು ಎಡವಿದಂತೆ. ಆ ವರ್ಗದ ಪದಗಳನ್ನೇ ನಾವು ಹೆಚ್ಚಾಗಿ ಕೊಟ್ಟಿದ್ದೆವು. ಪ್ರಮಾಣವನ್ನು ನೋಡಿದರೆ ಮೊದಲನೆಯದರಲ್ಲಿ ಶೇ. 15, ಮಹಾಪ್ರಾಣದಲ್ಲಿ ಶೇ. 18, ಒತ್ತಕ್ಷರದಲ್ಲಿ ಶೇ. 27 ತಪ್ಪುಗಳಿವೆ. ಹೆಚ್ಚಿನ ಅಭ್ಯಾಸ ಬೇಕಾದುದು ಒತ್ತಕ್ಷರಕ್ಕೆ. ಬರಿಯ ಎಣಿಕೆ ಬೇರೆ, ವಿಶ್ಲೇಷಣೆ ಬೇರೆ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಈ ಕೆಲಸದಲ್ಲಿ ಮೂರು ವಿದ್ಯೆಗಳೂ ಸೇರಿವೆ. ತಪ್ಪನ್ನು ವರ್ಗೀಕರಿಸುವುದು ಭಾಷಾಜ್ಞಾನ. ಪ್ರತಿ ವಹಿಗೂ ಒಂದೇ ನಿಯಮವನ್ನು ಕ್ರಮವಾಗಿ ಅನ್ವಯಿಸುವುದು ಗಣಕದ ರೀತಿ. ಪ್ರಮಾಣವನ್ನು ತೂಗಿ ನಿರ್ಣಯಕ್ಕೆ ಬರುವುದು ದತ್ತಾಂಶ ವಿಶ್ಲೇಷಣೆ. ವರ್ಗೀಕರಣವೇ ತಪ್ಪಾದರೆ ಮುಂದಿನ ಲೆಕ್ಕವೆಲ್ಲ ವ್ಯರ್ಥ. ಭಾಷೆ ಬಲ್ಲವರ ಅಗತ್ಯವಿರುವುದು ಅಲ್ಲಿಯೇ.

ಮುಂದಿನ ದಾರಿ
1969ರಲ್ಲಿ ಸ್ಥಾಪಿತವಾದ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನವು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳ ಪಠ್ಯ ಮತ್ತು ಧ್ವನಿಗಳನ್ನು ಸಂಗ್ರಹಿಸುತ್ತ ಬಂದಿದೆ. ಯಂತ್ರಾನುವಾದಕ್ಕೂ ಮಾತನ್ನು ಬರಹವಾಗಿಸುವ ತಂತ್ರಾಂಶಕ್ಕೂ ಇಂಥ ಸಂಗ್ರಹಗಳೇ ಆಧಾರ. ಸಂಗ್ರಹದಲ್ಲಿ ಸೇರದ ಮಾತನ್ನು ಯಂತ್ರವು ಸರಿಯಾಗಿ ಅರಿಯಲಾರದು. ಜತ್ತದ ಕಡೆಯ ಕನ್ನಡವನ್ನು ಕೇಳಿ, ಬರೆದು, ಮರಾಠಿಯೊಡನೆ ಹೋಲಿಸಿ ನೋಡಬಲ್ಲವರು ಇಲ್ಲಿಯೇ ಬೆಳೆದ ಮಕ್ಕಳು. ಎರಡು ಭಾಷೆಗಳ ನಡುವೆ ಬೆಳೆದುದು ಈ ಕೆಲಸಕ್ಕೆ ಅವರ ಅರ್ಹತೆ. ಇದರೊಡನೆ ಗಣಿತವನ್ನೂ ಇಂಗ್ಲಿಷನ್ನೂ ಶ್ರದ್ಧೆಯಿಂದ ಕಲಿಯಬೇಕೆಂಬುದನ್ನು ಪಾಲಕರಿಗೆ ಮರೆಮಾಚದೆ ಹೇಳಬೇಕು.

ಚಟುವಟಿಕೆ
ಮೇಲಿನ ಮಾದರಿಯಲ್ಲಿ ಒಂದು ಉಕ್ತಲೇಖನವನ್ನು ಏರ್ಪಡಿಸಿರಿ. ಪಟ್ಟಿಯಲ್ಲಿ ಮಕ್ಕಳ ಹೆಸರು ಬೇಡ. ಏಳನೆಯ ತರಗತಿಯ ಮಕ್ಕಳಿಂದಲೇ ಶೇಕಡಾವಾರು ಲೆಕ್ಕ ಮಾಡಿಸಿರಿ. ತಿಂಗಳ ಅಭ್ಯಾಸದ ಬಳಿಕ ಅಷ್ಟೇ ಕಠಿಣವಾದ ಬೇರೆ ಪದಗಳಿಂದ ಮತ್ತೆ ಪರೀಕ್ಷಿಸಿರಿ.

ವಿಚಾರಕ್ಕೆ ಪ್ರಶ್ನೆಗಳು
1. ತಪ್ಪುಗಳ ಸಂಖ್ಯೆಗೂ ಪ್ರಮಾಣಕ್ಕೂ ಇರುವ ವ್ಯತ್ಯಾಸವನ್ನು ನಿಮ್ಮ ತರಗತಿಯ ಉದಾಹರಣೆಯಿಂದ ವಿವರಿಸಿರಿ.
2. ಮರಾಠಿಯ ಪ್ರಭಾವದಿಂದ ಆಗಬಹುದಾದ ಇನ್ನೊಂದು ಬಗೆಯ ತಪ್ಪನ್ನು ಗುರುತಿಸಿ, ಅದನ್ನು ಪರೀಕ್ಷಿಸುವ ಹತ್ತು ಪದಗಳನ್ನು ಪಟ್ಟಿಮಾಡಿರಿ.