ಹೆಡ್‌ಲೈಟ್ ಬಿಚ್ಚುವ ಮುನ್ನ

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಪ್ರೊಜೆಕ್ಟರ್ ದೀಪ, ‘ಏಂಜಲ್ ಐ’ ಬೆಳಕಿನ ಉಂಗುರಗಳನ್ನು ಕಂಡವರಿಗೆ ಕಾರಿನ ಹೆಡ್‌ಲೈಟ್ ಬಿಚ್ಚಲು ಕೈ ತುರಿಸುವುದು ಸಹಜ. ಸ್ವಲ್ಪ ತಡೆಯಿರಿ.

ಮೊದಲು ಲೆನ್ಸನ್ನು ಹಿಡಿದಿಟ್ಟಿರುವ ಅಂಟು ಯಾವುದೆಂದು ವಿಚಾರಿಸಿ. ಬ್ಯುಟೈಲ್ ಅಂಟು ಸುಮಾರು 100 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಮೆತ್ತಗಾಗುತ್ತದೆ. ಈಚಿನ ಅನೇಕ ಕಾರುಗಳಲ್ಲಿರುವ ಪರ್ಮಾಸೀಲ್ ಅಂಟು ಮಾತ್ರ ಜಪ್ಪಯ್ಯ ಅಂದರೂ ಬಿಡದು, ಕತ್ತರಿಸಿಯೇ ತೆಗೆಯಬೇಕು. ಇದನ್ನರಿಯದೆ ಹೀಟ್ ಗನ್ ಹಿಡಿದವರು ಪಾಲಿಕಾರ್ಬೊನೇಟ್ ಲೆನ್ಸನ್ನು ಸೊಟ್ಟ ಮಾಡಿಕೊಳ್ಳುತ್ತಾರೆ, ಕೊಕ್ಕೆಗಳನ್ನು ಮುರಿದುಕೊಳ್ಳುತ್ತಾರೆ.

ಒಳಗಿನ ರಿಫ್ಲೆಕ್ಟರನ್ನಂತೂ ಒರೆಸಲು ಹೋಗಬೇಡಿ. ಅದರ ತೆಳು ಅಲ್ಯುಮಿನಿಯಂ ಲೇಪ ಬಟ್ಟೆಯಿಂದ ಉಜ್ಜಿದರೂ ಹಾಳಾಗುತ್ತದೆ.

ನಿಜವಾದ ಫಜೀತಿ ಮಳೆಗಾಲದಲ್ಲಿ. ಮತ್ತೆ ಜೋಡಿಸುವಾಗ ಹಳೆ ಅಂಟನ್ನು ಪೂರ್ತಿ ಕೆರೆಯದೆ ಸಿಲಿಕೋನ್ ಮೆತ್ತಿದರೆ ಮಲೆನಾಡಿನ ಒಂದು ಜೋರು ಮಳೆಗೇ ನೀರು ಒಳಸೇರಬಹುದು. ಗಾಳಿಯಾಡಲೆಂದೇ ಬಿಟ್ಟ ಸಣ್ಣ ತೂತುಗಳನ್ನು ಮುಚ್ಚಿದರೂ ಲೆನ್ಸಿನೊಳಗೆ ಹಬೆ ಕಟ್ಟುತ್ತದೆ.

ಎದುರಿನಿಂದ ಬರುವವರ ಕಣ್ಣನ್ನೂ ನೆನೆಯಿರಿ. ಹ್ಯಾಲೊಜೆನ್‌ಗೆಂದು ರೂಪಿಸಿದ ರಿಫ್ಲೆಕ್ಟರಿನಲ್ಲಿ ಎಚ್‌ಐಡಿ ಬಲ್ಬು ಕೂರಿಸಿದರೆ ಬೆಳಕು ಕಂಡಕಂಡಲ್ಲಿ ಚೆಲ್ಲುತ್ತದೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ, ಕಾನೂನು ಒಪ್ಪದ ಒಂದೊಂದು ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ ಬೀಳಬಹುದು, ಆರು ತಿಂಗಳವರೆಗೆ ಸೆರೆಯೂ ಆಗಬಹುದು.

ಕೆಲಸ ಕಲಿಯುವ ಆಸೆಯಿದ್ದರೆ ಗುಜರಿಯಿಂದ ಹಳೆಯ ಹೆಡ್‌ಲೈಟ್ ತಂದು ಅದರ ಮೇಲೆ ಕೈ ಪಳಗಿಸಿ.