ಆಸ್ಪತ್ರೆಯ ತುರ್ತು ಚಿಕಿತ್ಸೆ: ನಾವು ತಿಳಿದಿರಬೇಕಾದ ಶಬ್ದಗಳು

ತೋಟದಲ್ಲಿ ಹಾವು ಕಚ್ಚಿದಾಗ, ಕೀಟನಾಶಕ ಸಿಂಪಡಿಸುವವರು ತಲೆಸುತ್ತಿ ಬಿದ್ದಾಗ, ವಾಂತಿಭೇದಿಯಿಂದ ಮಗು ಸೋತುಹೋದಾಗ ನಾವು ಆಸ್ಪತ್ರೆಗೆ ಓಡುತ್ತೇವೆ. ನಮ್ಮ ಕಾಸರಗೋಡಿನಿಂದ ಅನೇಕ ರೋಗಿಗಳನ್ನು ಮುಂದೆ ಮಂಗಳೂರಿಗೆ ಸಾಗಿಸಬೇಕಾಗುತ್ತದೆ. ಅಲ್ಲಿಯ ಡಾಕ್ಟರರು ಕೇಳುವುದು ಮೂರು ಮಾತು: ಏನು ಕೊಟ್ಟಿದ್ದಾರೆ? ಎಷ್ಟು? ಯಾವಾಗ? ಇದಕ್ಕೆ ಸರಿಯಾಗಿ ಉತ್ತರಿಸಲು ಕೆಲವು ಶಬ್ದಗಳ ಪರಿಚಯ ನಮಗಿರಬೇಕು.

1. ಔಷಧ ಹೋಗುವ ದಾರಿ: 'ಐ.ಎಂ.' ಎಂದರೆ ಮಾಂಸಖಂಡಕ್ಕೆ ಕೊಡುವ ಇಂಜೆಕ್ಷನ್. ಜೇನುನೊಣ ಕಚ್ಚಿ ಮೈಯೆಲ್ಲ ದಡಿಕೆಯೆದ್ದು ಉಸಿರು ಕಟ್ಟಿದರೆ ಅಡ್ರಿನಲಿನ್ ಔಷಧವನ್ನು ತೊಡೆಗೆ ಹೀಗೆ ಕೊಡುತ್ತಾರೆ. 'ಎಸ್.ಸಿ.' ಎಂದರೆ ಚರ್ಮದ ಅಡಿಗೆ. ಇನ್ಸುಲಿನ್ ಇದಕ್ಕೆ ಉದಾಹರಣೆ. 'ಐ.ವಿ.' ಎಂದರೆ ನೇರವಾಗಿ ರಕ್ತನಾಳಕ್ಕೆ. ಹಾವಿನ ವಿಷಕ್ಕೆ ಕೊಡುವ 'ಎ.ಎಸ್.ವಿ.' ಹೋಗುವುದು ಈ ದಾರಿಯಲ್ಲಿ.

2. ಅಳತೆ: ಮಿ.ಗ್ರಾಂ ಔಷಧದ ತೂಕ, ಮಿ.ಲೀ. ಅಥವಾ ಸಿ.ಸಿ. ದ್ರವದ ಅಳತೆ. ಎರಡೂ ಒಂದೇ ಅಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ 1 ಮಿ.ಲೀ. ಅಡ್ರಿನಲಿನ್‌ನಲ್ಲಿ 1 ಮಿ.ಗ್ರಾಂ ಔಷಧವಿದ್ದರೆ, 1 ಮಿ.ಲೀ. ಅಟ್ರೋಪಿನ್‌ನಲ್ಲಿ ಇರುವುದು 0.6 ಮಿ.ಗ್ರಾಂ. ಆದ್ದರಿಂದ "ಒಂದು ಸಿ.ಸಿ. ಕೊಟ್ಟರು" ಎಂದರೆ ಸಾಲದು, ಔಷಧದ ಹೆಸರೂ ಬೇಕು.

3. ವೇಗ: 'ಸ್ಟಾಟ್' ಎಂದರೆ ಈ ಕೂಡಲೇ. 'ಬೋಲಸ್' ಎಂದರೆ ಸ್ವಲ್ಪ ಹೊತ್ತಿನಲ್ಲಿ ಒಟ್ಟಿಗೇ ಕೊಡುವುದು. 'ಇನ್‌ಫ್ಯೂಷನ್' ಎಂದರೆ ಗಂಟೆಗಟ್ಟಲೆ ನಿಧಾನವಾಗಿ ಹರಿಸುವುದು. ಕೆಲವು ಕೀಟನಾಶಕಗಳ ವಿಷಕ್ಕೆ ಅಟ್ರೋಪಿನನ್ನು ಮೊದಲು ಬೋಲಸ್ ಆಗಿ ಮತ್ತೆ ಮತ್ತೆ ಕೊಟ್ಟು, ಎದೆಯ ಗೊರಗೊರ ನಿಂತ ಮೇಲೆ ಇನ್‌ಫ್ಯೂಷನ್‌ಗೆ ಬದಲಾಯಿಸುತ್ತಾರೆ.

4. ಬಾಟಲಿ: 'ಎನ್.ಎಸ್.' ಉಪ್ಪುನೀರು, ಲೀಟರಿಗೆ 9 ಗ್ರಾಂ ಉಪ್ಪು. 'ಆರ್.ಎಲ್.' ಎಂಬುದರಲ್ಲಿ ಉಪ್ಪಿನೊಂದಿಗೆ ಪೊಟ್ಯಾಸಿಯಂ, ಕ್ಯಾಲ್ಸಿಯಂ, ಲ್ಯಾಕ್ಟೇಟ್ ಇವೆ. ಮೈಯ ನೀರು ಬತ್ತಿದಾಗ ಮುಖ್ಯವಾಗಿ ಇವೆರಡನ್ನು ಬಳಸುತ್ತಾರೆ. 'ಡಿ-5' ನಾವು ಹೇಳುವ ಗ್ಲೂಕೋಸ್. ಇದರ 500 ಮಿ.ಲೀ. ಬಾಟಲಿಯಲ್ಲಿರುವುದು 25 ಗ್ರಾಂ, ಅಂದರೆ ಐದಾರು ಚಿಕ್ಕ ಚಮಚ ಸಕ್ಕರೆಯಷ್ಟೇ! "ಸುಸ್ತು, ಒಂದು ಗ್ಲೂಕೋಸ್ ಹಾಕಿ" ಎಂದು ಡಾಕ್ಟರರನ್ನು ಒತ್ತಾಯಿಸುವವರು ಇದನ್ನು ಯೋಚಿಸಲಿ. ಉಣ್ಣಬಲ್ಲವನಿಗೆ ಒಂದು ಬಟ್ಟಲು ಗಂಜಿಯೇ ಲೇಸು. ಹೃದಯ, ಮೂತ್ರಪಿಂಡದ ರೋಗಿಗಳಿಗೆ ಅನಾವಶ್ಯಕ ದ್ರವ ಏರಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬಿ ಪ್ರಾಣಕ್ಕೇ ಅಪಾಯ.

5. ಹನಿ: ಸಾಮಾನ್ಯ ಡ್ರಿಪ್ ಸೆಟ್‌ನಲ್ಲಿ 20 ಹನಿಗೆ 1 ಮಿ.ಲೀ. 500 ಮಿ.ಲೀ. ಬಾಟಲಿ 4 ಗಂಟೆಯಲ್ಲಿ ಮುಗಿಯಬೇಕಾದರೆ ನಿಮಿಷಕ್ಕೆ ಸುಮಾರು 42 ಹನಿ ಬೀಳಬೇಕು. ಬೇಗ ಮನೆಗೆ ಹೋಗುವ ಅವಸರದಲ್ಲಿ ನಳಿಕೆಯ ಚಕ್ರವನ್ನು ನಾವೇ ತಿರುಗಿಸಬಾರದು. ಸೂಜಿ ಚುಚ್ಚಿದಲ್ಲಿ ಬಾವು, ಉರಿ ಕಂಡರೆ ತಕ್ಷಣ ನರ್ಸನ್ನು ಕರೆಯಬೇಕು.

6. ಓ.ಆರ್.ಎಸ್.: 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ಬಾಟಲಿಗಳು ಸಾಲದಾದವು. ಡಾ. ದಿಲೀಪ್ ಮಹಲನಾಬಿಸ್ ಉಪ್ಪು-ಗ್ಲೂಕೋಸ್ ಬೆರೆಸಿದ ನೀರನ್ನು ಕುಡಿಸಿಯೇ ಸಾವಿರಾರು ಜೀವ ಉಳಿಸಿದರು. ಎಚ್ಚರವಿದ್ದು ಕುಡಿಯಬಲ್ಲ ಭೇದಿಯ ರೋಗಿಗೆ ಇಂದಿಗೂ ಮೊದಲ ಮದ್ದು ಇದೇ. ದೊಡ್ಡ ಪೊಟ್ಟಣಕ್ಕೆ 1 ಲೀಟರ್ ನೀರು. ಚಿಕ್ಕದಾದರೆ ಅದರ ಮೇಲೆ ಬರೆದಷ್ಟೇ.

ಕೊನೆಯದಾಗಿ, ಆಸ್ಪತ್ರೆಗೆ ಹೊರಡುವಾಗ ಕೀಟನಾಶಕದ ಡಬ್ಬಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜೊತೆಗೆ ಒಯ್ಯೋಣ. ಹಾವು ಕಚ್ಚಿದ ಹೊತ್ತು, ರೋಗಿ ದಿನವೂ ನುಂಗುವ ಮಾತ್ರೆ, ಮೈಗೆ ಒಗ್ಗದ ಔಷಧ ಇವನ್ನು ಒಂದು ಚೀಟಿಯಲ್ಲಿ ಬರೆದಿಡೋಣ. ಬೇರೆ ಆಸ್ಪತ್ರೆಗೆ ಕಳುಹಿಸಿದರೆ, ಕೊಟ್ಟ ಔಷಧ, ಪ್ರಮಾಣ, ಸಮಯ ಬರೆದ ಪತ್ರವನ್ನು ಕೇಳಿ ಪಡೆಯದೆ ಆಂಬುಲೆನ್ಸ್ ಹತ್ತದಿರೋಣ.